ಎಂಟು ಪಾಯಿಂಟ್‌ಗೆ ನಿಂತ ಲೆಬ್ರಾನ್: ಅದು ತ್ಯಾಗವಾ, ಬರೀ ಸರಿಯಾದ ಆಟವಾ?

2025ರ ಡಿಸೆಂಬರ್ 4, ಟೊರಾಂಟೊ. ನಮ್ಮಲ್ಲಿ ಆಗಲೇ ಶುಕ್ರವಾರದ ಬೆಳಗ್ಗೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಮತ್ತು ಟೊರಾಂಟೊ ರಾಪ್ಟರ್ಸ್ ನಡುವಿನ ಪಂದ್ಯ 120-120ಕ್ಕೆ ಬಂದು ನಿಂತಿತ್ತು. ಉಳಿದಿದ್ದು ಕೆಲವೇ ಸೆಕೆಂಡು. ಚೆಂಡು ಲೇಕರ್ಸ್ ಸ್ಟಾರ್ ಲೆಬ್ರಾನ್ ಜೇಮ್ಸ್ ಕೈಯಲ್ಲಿ. ಅವತ್ತು ಅವನ ಲೆಕ್ಕದಲ್ಲಿದ್ದಿದ್ದು ಬರೀ 8 ಪಾಯಿಂಟ್. 2007ರ ಜನವರಿಯಿಂದ ಈಚೆಗೆ ಆಡಿದ ಸತತ 1,297 ಲೀಗ್ ಪಂದ್ಯಗಳಲ್ಲಿ ಅವನು ಒಮ್ಮೆಯೂ 10ಕ್ಕಿಂತ ಕೆಳಗೆ ಇಳಿದಿರಲಿಲ್ಲ. ಇನ್ನೊಂದು ಬಾಸ್ಕೆಟ್ ಹಾಕಿದ್ದರೆ ಪಂದ್ಯವೂ ಸಿಗುತ್ತಿತ್ತು, ದಾಖಲೆಯೂ ಉಳಿಯುತ್ತಿತ್ತು. ಅವನು ಎಸೆಯಲಿಲ್ಲ. ಮೂಲೆಯಲ್ಲಿ ಖಾಲಿ ನಿಂತಿದ್ದ ರುಯಿ ಹಚಿಮುರಾಗೆ ಚೆಂಡು ದಾಟಿಸಿದ. ಹಚಿಮುರಾ ಹೊಡೆದ ತ್ರೀ-ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹೊಡೆದರೆ 2ರ ಬದಲು 3 ಪಾಯಿಂಟ್) ಸಮಯ ಮುಗಿಯುವ ಹೊತ್ತಿಗೆ ಸರಿಯಾಗಿ ರಿಂಗಿನೊಳಗೆ ಬಿತ್ತು. 123-120. ಲೇಕರ್ಸ್ ಗೆದ್ದಿತು. ಸುಮಾರು ಹತ್ತೊಂಬತ್ತು ವರ್ಷದ ದಾಖಲೆ ಅಲ್ಲಿಗೆ ಮುಗಿಯಿತು.

ಶಿವಮೊಗ್ಗ ಬಾಸ್ಕೆಟ್‌ಬಾಲ್ ಊರೇನಲ್ಲ. ಇಲ್ಲಿ ಕ್ರಿಕೆಟ್ ಮೊದಲು, ಆಮೇಲೆ ಕಬಡ್ಡಿ, ವಾಲಿಬಾಲ್. ಆದರೂ ಎಂಜಿನಿಯರಿಂಗ್, ಮೆಡಿಕಲ್ ಹಾಸ್ಟೆಲುಗಳಲ್ಲಿ ಎನ್‌ಬಿಎ ಹುಚ್ಚು ಚೆನ್ನಾಗಿಯೇ ಹಿಡಿದಿದೆ. ಅಮೆರಿಕದ ರಾತ್ರಿಯ ಪಂದ್ಯ ನಮಗೆ ಬೆಳಗಿನ ಐದೂವರೆ, ಆರಕ್ಕೆ ಶುರುವಾಗುತ್ತದೆ. ಲಾಸ್ ಏಂಜಲೀಸ್‌ನಲ್ಲೇ ಆಟ ಇದ್ದರೆ ಚಳಿಗಾಲದಲ್ಲಿ ಒಂಬತ್ತು ಗಂಟೆ. ಅಂದರೆ ಮೊದಲ ಎರಡು ಕ್ಲಾಸಿಗೆ ಚಕ್ಕರ್. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲಿನ ಕಾಲವೂ ಹೌದು. ವಾರದ ಕೊನೆಗೆ ಮನೆಗೆ ಬಂದ ಹುಡುಗರು ರಾತ್ರಿ ಅಡಿಕೆ ಸುಲಿಯಲು ಕೂತಾಗಲೂ ಇದೇ ಜಗಳ.

"ಹತ್ತೊಂಬತ್ತು ವರ್ಷದ ದಾಖಲೆ ಬಿಟ್ಟು ಪಾಸ್ ಕೊಟ್ಟ ಮಾರಾಯ. ತಂಡಕ್ಕಾಗಿ ಆಡೋದು ಅಂದ್ರೆ ಇನ್ನೆಂತ?"

"ಎಂತ ತ್ಯಾಗ ಮಾರಾಯ? ಅವತ್ತು ಹದಿನೇಳು ಹೊಡೆದು ನಾಲ್ಕು ಹಾಕಿದಾನೆ. ಹದಿನೆಂಟನೇದು ಬೀಳ್ತದೆ ಅಂತ ಅವನಿಗೇ ಗ್ಯಾರಂಟಿ ಇರ್ಲಿಲ್ಲ."

ಎರಡನೆಯವನ ಮಾತು ಕುಹಕದ ಹಾಗೆ ಕೇಳುತ್ತದೆ. ಆದರೆ ಲೆಬ್ರಾನ್‌ಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಲು ಆ ಕೊನೆಯ ಸೆಕೆಂಡುಗಳನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು.

ಕೊನೆಯ ಹೊಡೆತ ಲೆಬ್ರಾನ್‌ನದೇ ಅಂತ ಕ್ರೀಡಾಂಗಣಕ್ಕೆಲ್ಲ ಗೊತ್ತಿರುತ್ತದೆ. ಎದುರಾಳಿಗಳಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಹಾಗಾಗಿ ಒಬ್ಬ ಅವನ ಮೈಮೇಲೆ ಇರುತ್ತಾನೆ, ಇನ್ನೊಬ್ಬನ ಕಣ್ಣೂ ಕಾಲೂ ಅವನ ಕಡೆಗೇ ವಾಲಿರುತ್ತವೆ. ಐದು ಜನರಲ್ಲಿ ಇಬ್ಬರು ಒಬ್ಬನ ಬೆನ್ನು ಬಿದ್ದರೆ ಬೇರೆ ಎಲ್ಲೋ ಒಬ್ಬ ಖಾಲಿ ಉಳಿಯಲೇಬೇಕು. ಸಾಮಾನ್ಯವಾಗಿ ಉಳಿಯುವುದು ಮೂಲೆಯಲ್ಲಿ. ಅಲ್ಲಿಂದ ತ್ರೀ-ಪಾಯಿಂಟ್ ಗೆರೆಯ ದೂರವೂ ಕಡಿಮೆ. ಎನ್‌ಬಿಎ ಕೋರ್ಟಿನಲ್ಲಿ ರಿಂಗಿನ ನೇರಕ್ಕೆ ಗೆರೆ 23 ಅಡಿ 9 ಅಂಗುಲ ದೂರವಿದ್ದರೆ, ಮೂಲೆಯಲ್ಲಿ 22 ಅಡಿ. ಅಂಥ ಜಾಗದಲ್ಲಿ ಒಳ್ಳೆಯ ಗುರಿಗಾರನೊಬ್ಬ ಅಡ್ಡ ಯಾರೂ ಇಲ್ಲದೆ ನಿಂತಿದ್ದಾನೆ. ಇತ್ತ ಆ ದಿನ ಹದಿನೇಳರಲ್ಲಿ ಹದಿಮೂರು ತಪ್ಪಿಸಿದ, ಇನ್ನೇನು 41 ತುಂಬಲಿರುವವನಿಗೆ ಇಬ್ಬರು ಅಡ್ಡ. ಚೆಂಡು ಯಾರ ಕೈಗೆ ಹೋಗಬೇಕು? ಇದಕ್ಕೆ ದೊಡ್ಡ ಮನಸ್ಸು ಬೇಕಾಗಿಲ್ಲ. ಕಣ್ಣು ನೆಟ್ಟಗಿದ್ದರೆ ಸಾಕು.

ಇನ್ನೊಂದು ವಿಷಯ ಇದೆ, ಜಗಳದಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಸ್ಕೋರ್ ಸಮ ಇತ್ತಲ್ಲ. ಹಚಿಮುರಾ ತಪ್ಪಿಸಿದ್ದರೆ ಲೇಕರ್ಸ್ ಸೋಲುತ್ತಿರಲಿಲ್ಲ, ಪಂದ್ಯ ಓವರ್‌ಟೈಮ್‌ಗೆ ಹೋಗುತ್ತಿತ್ತು. ಓವರ್‌ಟೈಮ್ ಅಂದರೆ ಇನ್ನೂ 5 ನಿಮಿಷ. ಬೇಕಾಗಿದ್ದ ಆ 2 ಪಾಯಿಂಟ್‌ಗೆ ಅಷ್ಟು ಸಮಯ ಧಾರಾಳ. ತನ್ನ ದಾಖಲೆಯನ್ನೇ ಲೆಕ್ಕ ಹಾಕುವವನಾಗಿದ್ದರೆ ಹಚಿಮುರಾ ಹೊಡೆತ ಬೀಳದೆ ಇರಲಿ ಅಂತ ಒಳಗೊಳಗೇ ಹರಕೆ ಹೊರುತ್ತಿದ್ದ. ಅವನು ಹಾಗೆ ಅಂದುಕೊಂಡನೋ ಇಲ್ಲವೋ ನಮಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ. ಗೊತ್ತಾಗುವುದು ಚೆಂಡು ಎಲ್ಲಿಗೆ ಹೋಯಿತು ಅನ್ನುವುದು ಮಾತ್ರ.

ಈ ಇಡೀ ಚರ್ಚೆ ಎಡವುವುದು ಇಲ್ಲೇ. ನಾವು ಆಟಗಾರನ ಮನಸ್ಸಿಗೆ ಮಾರ್ಕ್ಸ್ ಹಾಕಲು ಹೋಗುತ್ತೇವೆ. ಕೈಯಲ್ಲಿರುವುದು ಮಾತ್ರ ಅವನ ಆಟ, ಅದರಲ್ಲೂ ಕೊನೆಯ ಹತ್ತು ಸೆಕೆಂಡು. ಅದಕ್ಕೂ ಮಿಗಿಲಾಗಿ, ಫಲಿತಾಂಶ ನೋಡಿಕೊಂಡು ಮನಸ್ಸನ್ನು ಊಹಿಸುತ್ತೇವೆ.

2007ರ ಮೇ ತಿಂಗಳಿಗೆ ಹೋಗಿ. ಲೆಬ್ರಾನ್ ಆಗ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದ 22ರ ಹುಡುಗ. ಡೆಟ್ರಾಯಿಟ್ ವಿರುದ್ಧದ ಸರಣಿಯ ಮೊದಲ ಪಂದ್ಯ, ತಂಡ 2 ಪಾಯಿಂಟ್ ಹಿಂದೆ. ಲೆಬ್ರಾನ್ ಒಳಗೆ ನುಗ್ಗಿದ, ಇಬ್ಬರು ಅಡ್ಡ ಬಂದರು, ಮೂಲೆಯಲ್ಲಿದ್ದ ಡಾನ್ಯೆಲ್ ಮಾರ್ಷಲ್‌ಗೆ ಪಾಸ್ ಕೊಟ್ಟ. ಟೊರಾಂಟೊದಲ್ಲಿ ಮಾಡಿದ್ದನ್ನೇ ಮಾಡಿದ. ಮಾರ್ಷಲ್ ತಪ್ಪಿಸಿದ. ಕ್ಲೀವ್‌ಲ್ಯಾಂಡ್ 76-79ರಲ್ಲಿ ಸೋತಿತು. ಮರುದಿನ ಬಂದ ಮಾತುಗಳು ಏನು? ದೊಡ್ಡ ಹೊಡೆತಕ್ಕೆ ಹೆದರಿದ, ಜವಾಬ್ದಾರಿ ಬೇರೆಯವನ ಮೇಲೆ ಹಾಕಿದ, ಶಿಕಾಗೊದ ಹಳೆಯ ಸ್ಟಾರ್ ಮೈಕಲ್ ಜೋರ್ಡನ್ ಆಗಿದ್ದರೆ ಹೊಡೆಯುತ್ತಿದ್ದ. ಅದೇ ಸರಣಿಯ ಐದನೇ ಪಂದ್ಯದಲ್ಲಿ ಲೆಬ್ರಾನ್ 48 ಪಾಯಿಂಟ್ ಹೊಡೆದ. ತಂಡದ ಕೊನೆಯ 25 ಪಾಯಿಂಟ್ ಪೂರ್ತಿ ಅವನದೇ, ಬೇರೆ ಯಾರೂ ಒಂದನ್ನೂ ಹಾಕಲಿಲ್ಲ. ಎರಡು ಓವರ್‌ಟೈಮ್ ಆಡಿ 109-107ರಲ್ಲಿ ಗೆದ್ದರು. ಆಗ ಯಾರೂ ಸ್ವಾರ್ಥಿ ಅನ್ನಲಿಲ್ಲ. ಹತ್ತು ದಿನದ ಒಳಗೆ ಹೇಡಿಯಿಂದ ಮಹಾವೀರ. ಆಟಗಾರ ಅದೇ, ಕಣ್ಣೂ ಅದೇ.

ಇನ್ನು ಜೋರ್ಡನ್ ಆಗಿದ್ದರೆ ಹೊಡೆಯುತ್ತಿದ್ದ ಅನ್ನುವ ಮಾತು. 1997ರ ಫೈನಲ್ಸ್, ಆರನೇ ಪಂದ್ಯ, ಎದುರಾಳಿ ಯೂಟಾ. ಸ್ಕೋರ್ 86-86, ಟೊರಾಂಟೊ ಪಂದ್ಯದಂತೆಯೇ ಸಮ. ಜೋರ್ಡನ್ ಮೇಲೆ ಇಬ್ಬರು ಬಿದ್ದರು. ಅವನು ಜೊತೆಗಾರ ಸ್ಟೀವ್ ಕೆರ್‌ಗೆ ಪಾಸ್ ಕೊಟ್ಟ, ಕೆರ್ ಹೊಡೆದ, ಶಿಕಾಗೊ ಚಾಂಪಿಯನ್ ಆಯಿತು. ಇವತ್ತಿಗೂ ಆ ಪಾಸನ್ನು ಜೋರ್ಡನ್‌ನ ನಂಬಿಕೆ, ದೊಡ್ಡತನ ಅಂತಲೇ ಹೇಳುತ್ತಾರೆ. ಕೆರ್ ತಪ್ಪಿಸಿದ್ದರೆ? ಚೆಂಡು ಬಿದ್ದರೆ ದೊಡ್ಡತನ, ತಪ್ಪಿದರೆ ಪುಕ್ಕಲುತನ. ಪಾಸ್ ಕೊಟ್ಟವನ ಗುಣವನ್ನು ಪಾಸ್ ತೆಗೆದುಕೊಂಡವನ ಮಣಿಕಟ್ಟು ತೀರ್ಮಾನ ಮಾಡುತ್ತದೆ ಅಂದರೆ ಇದೆಂಥ ನ್ಯಾಯ?

ಇದಕ್ಕಿಂತ ವಿಚಿತ್ರ ಲೇಕರ್ಸ್‌ನ ಕೋಬಿ ಬ್ರಯಂಟ್ ಕತೆ. 2006ರ ಜನವರಿ 22ರಂದು ಟೊರಾಂಟೊ ವಿರುದ್ಧ ಒಬ್ಬನೇ 81 ಪಾಯಿಂಟ್ ಹೊಡೆದ. ಕೇಳಿದ ಕೂಡಲೇ ಇವನು ಯಾರಿಗೂ ಚೆಂಡು ಕೊಟ್ಟಿಲ್ಲ ಅನಿಸುತ್ತದೆ. ಆದರೆ ಆ ಪಂದ್ಯದಲ್ಲಿ ಲೇಕರ್ಸ್ ಒಂದು ಹಂತದಲ್ಲಿ 18 ಪಾಯಿಂಟ್ ಹಿಂದೆ ಇತ್ತು. ಕೊನೆಗೆ 122-104ರಲ್ಲಿ ಗೆದ್ದಿತು. ತಂಡಕ್ಕೆ ಅವತ್ತು ಬೇಕಾಗಿದ್ದೇ ಅದು. ಅದೇ ವರ್ಷ ಮೇ ತಿಂಗಳಲ್ಲಿ ಫೀನಿಕ್ಸ್ ವಿರುದ್ಧ ಸರಣಿಯ ಏಳನೇ, ನಿರ್ಣಾಯಕ ಪಂದ್ಯ. ಮೊದಲ ಅರ್ಧದಲ್ಲಿ ಕೋಬಿ ಒಬ್ಬನೇ ಹೋರಾಡಿದ, ತಂಡ ಹಿಂದೆಯೇ ಉಳಿಯಿತು. ಎರಡನೇ ಅರ್ಧದಲ್ಲಿ ಹೊಡೆದದ್ದು ಮೂರೇ ಮೂರು ಶಾಟ್. ಉಳಿದದ್ದೆಲ್ಲ ಪಾಸ್. ಲೇಕರ್ಸ್ ಹೀನಾಯವಾಗಿ ಸೋತಿತು. ಆಮೇಲೆ ಬಂದ ದೂರು ಇದು: ನಾನು ಇಲ್ಲದಿದ್ದರೆ ನಿಮ್ಮ ಗತಿ ಏನು ಅಂತ ತೋರಿಸಲು ಬೇಕಂತಲೇ ಹೊಡೆಯಲಿಲ್ಲ. ಆ ಆರೋಪವನ್ನು ಕೋಬಿ ಒಪ್ಪಲಿಲ್ಲ. ನಿಜ ಏನೇ ಇರಲಿ, ಅಲ್ಲಿ ಪಾಸ್ ಕೊಟ್ಟಿದ್ದೇ ಸ್ವಾರ್ಥ ಅನಿಸಿಕೊಂಡಿತು.

ಹಳೆಯ ಕಾಲದಲ್ಲಿ ವಿಲ್ಟ್ ಚೇಂಬರ್ಲಿನ್‌ಗೂ ಇದೇ ಕಾಟ. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದವನು ಅವನು. ಆ ವರ್ಷದ ಸರಾಸರಿ 50.4. ಆದರೆ ಚಾಂಪಿಯನ್ ಪಟ್ಟ ಮಾತ್ರ ವರ್ಷ ವರ್ಷವೂ ಬಿಲ್ ರಸೆಲ್‌ನ ಬಾಸ್ಟನ್‌ಗೆ. ರಸೆಲ್ 13 ವರ್ಷದಲ್ಲಿ 11 ಪಟ್ಟ ಗೆದ್ದ. ಹಾಗಾಗಿ ರಸೆಲ್ ತಂಡದ ಮನುಷ್ಯ, ವಿಲ್ಟ್ ತನ್ನ ಲೆಕ್ಕದ ಮನುಷ್ಯ ಅಂತ ಹೆಸರಾಯಿತು. 1966-67ರಲ್ಲಿ ಕೋಚ್ ಅಲೆಕ್ಸ್ ಹ್ಯಾನಮ್ ಮಾತಿನಂತೆ ವಿಲ್ಟ್ ಹೊಡೆತ ಕಡಿಮೆ ಮಾಡಿದ, ಸರಾಸರಿ 24ಕ್ಕೆ ಇಳಿಯಿತು, ಫಿಲಡೆಲ್ಫಿಯಾ ಚಾಂಪಿಯನ್. ಮುಂದಿನ ವರ್ಷ ಒಟ್ಟು 702 ಅಸಿಸ್ಟ್ (ಬಾಸ್ಕೆಟ್ ಹಾಕಿಸಿದ ಪಾಸ್) ಮಾಡಿ ಇಡೀ ಲೀಗಿಗೇ ಮೊದಲಿಗನಾದ. ಇನ್ನಾದರೂ ಬಾಯಿ ಮುಚ್ಚಬೇಕಲ್ಲ? ಇಲ್ಲ. ಈಗ ಅಸಿಸ್ಟ್ ಲೆಕ್ಕದ ಹಿಂದೆ ಬಿದ್ದಿದ್ದಾನೆ ಅಂದರು!

ಇದರಲ್ಲಿ ಒಂದು ಸತ್ಯ ಇಲ್ಲದಿಲ್ಲ. ಪಾಸನ್ನೂ ತನ್ನ ಹೆಸರಿಗಾಗಿ ಕೊಡಬಹುದು. ಅಸಿಸ್ಟ್ ಅಂದರೆ ಬಾಸ್ಕೆಟ್‌ಗೆ ನೇರ ದಾರಿ ಮಾಡಿದ ಕೊನೆಯ ಪಾಸ್. ಆ ಕೊನೆಯದಕ್ಕೆ ಮಾತ್ರ ಲೆಕ್ಕ. 1993ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಶಿಕಾಗೊ ಗೆದ್ದ ರೀತಿ ನೋಡಿ. ಜೋರ್ಡನ್ ಚೆಂಡು ತಂದು ಪಿಪ್ಪೆನ್‌ಗೆ ಕೊಟ್ಟ, ಪಿಪ್ಪೆನ್ ಹೊರೇಸ್ ಗ್ರಾಂಟ್‌ಗೆ, ಗ್ರಾಂಟ್ ತನಗೆ ರಿಂಗ್ ಹತ್ತಿರವಿದ್ದರೂ ಹೊರಗಿದ್ದ ಜಾನ್ ಪ್ಯಾಕ್ಸನ್‌ಗೆ. ಪ್ಯಾಕ್ಸನ್ ತ್ರೀ ಹಾಕಿದ, 99-98. ಅಸಿಸ್ಟ್ ಗ್ರಾಂಟ್ ಹೆಸರಿಗೆ. ಮೊದಲ ಎರಡು ಪಾಸ್ ಸ್ಕೋರ್ ಶೀಟಿನಲ್ಲಿ ಎಲ್ಲೂ ಇಲ್ಲ. ಒಬ್ಬ ಪಾಸ್ ಕೊಟ್ಟು, ಎದುರಾಳಿಗೆ ಅಡ್ಡಲಾಗಿ ನಿಂತು ಜೊತೆಗಾರನಿಗೆ ದಾರಿ ಮಾಡಿಕೊಟ್ಟರೆ, ಅಂದರೆ ಸ್ಕ್ರೀನ್ ಹಾಕಿದರೆ, ಹಳೆಯ ಲೆಕ್ಕದಲ್ಲಿ ಅದಕ್ಕೂ ಸೊನ್ನೆ. 2013-14ರಿಂದ ಎನ್‌ಬಿಎಯ ಎಲ್ಲ ಕ್ರೀಡಾಂಗಣಗಳ ಚಾವಣಿಗೂ ಕ್ಯಾಮೆರಾ ಬಂದ ಮೇಲೆ ಇಂಥವನ್ನೂ ಎಣಿಸುವುದು ಶುರುವಾಯಿತು. ಆದರೆ ಬೆಳಗ್ಗೆ ಮೊಬೈಲಿನಲ್ಲಿ ಸ್ಕೋರ್ ನೋಡುವವನ ಕಣ್ಣಿಗೆ ಬೀಳುವುದು ಇವತ್ತಿಗೂ ಪಾಯಿಂಟ್, ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿಯುವುದು), ಅಸಿಸ್ಟ್. ಈ ಮೂರೇ.

ಈ ಮೂರರಲ್ಲೂ ಎರಡಂಕಿ ಬಂದರೆ ಟ್ರಿಪಲ್ ಡಬಲ್. ರಸೆಲ್ ವೆಸ್ಟ್‌ಬ್ರೂಕ್ 2016-17ರಲ್ಲಿ 42 ಸಲ ಹಾಗೆ ಮಾಡಿದ. ಆಸ್ಕರ್ ರಾಬರ್ಟ್‌ಸನ್‌ನ 41ರ ದಾಖಲೆ ಐವತ್ತೈದು ವರ್ಷದ ಮೇಲೆ ಮುರಿಯಿತು. ಆದರೆ ಅವನ ಜೊತೆಗಾರರು ಎದುರಾಳಿಯನ್ನು ತಡೆದು ಹಿಡಿದು ರಿಬೌಂಡನ್ನು ಅವನಿಗೇ ಬಿಡುತ್ತಿದ್ದರು, ನೋಡಿದವರಿಗೆಲ್ಲ ಕಾಣುತ್ತಿತ್ತು. ಲೆಕ್ಕ ತುಂಬಿಸಿಕೊಳ್ಳುತ್ತಾನೆ ಅಂತ ಆಡಿಕೊಂಡರು. ಈಚೆ ಬದಿಯೂ ಇದೆ. ರಿಬೌಂಡ್ ನೇರ ಅವನ ಕೈಗೆ ಬಂದರೆ ಮಧ್ಯೆ ಒಂದು ಪಾಸ್ ಉಳಿಯುತ್ತಿತ್ತು, ಅವನು ಚೆಂಡು ಹಿಡಿದು ಓಡಿಯೇ ಬಿಡುತ್ತಿದ್ದ. ಆ 42 ಪಂದ್ಯಗಳಲ್ಲಿ ಅವನ ತಂಡ ಓಕ್ಲಹೋಮಾ 33 ಗೆದ್ದಿತು. ಸ್ವಾರ್ಥ ಅನ್ನುವುದಾದರೆ ತಂಡಕ್ಕೆ ಲಾಭ ತಂದ ಸ್ವಾರ್ಥ ಅನ್ನಬೇಕು. ಅದಕ್ಕೊಂದು ಬೇರೆ ಹೆಸರು ಬೇಕು, ಅಲ್ವಾ?

ಲೆಕ್ಕಕ್ಕಾಗಿ ಪಾಸ್ ಅನ್ನುವುದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಮಲೆನಾಡಿನ ಕಾಲೇಜು ಕೋರ್ಟುಗಳು ಮಳೆಗಾಲ ಪೂರ್ತಿ ಪಾಚಿ ಕಟ್ಟಿಕೊಂಡು ಬಿದ್ದಿರುತ್ತವೆ, ಕಾಲಿಟ್ಟರೆ ಜಾರಿಯೇ ಜಾರಿ. ದೀಪಾವಳಿ ಕಳೆದ ಮೇಲೆ ಸಲಿಕೆಯಲ್ಲಿ ಪಾಚಿ ಕೆರೆದು, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ಆಟ ಶುರು ಮಾಡುತ್ತಾರೆ. ರಿಂಗಿನಲ್ಲಿ ನೆಟ್ ಇರುವುದಿಲ್ಲ, ಇದ್ದರೂ ಎರಡು ದಾರ ನೇತಾಡುತ್ತಿರುತ್ತವೆ. ಅಂಥ ಒಂದು ಕೋರ್ಟಿನಲ್ಲಿ ಪಿಟಿ ಮೇಷ್ಟ್ರೊಬ್ಬರು ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು: ಮೂರು ಪಾಸ್ ಆಗದೆ ಯಾರೂ ಹೊಡೆಯುವ ಹಾಗಿಲ್ಲ. ಸಾಗರದ ಕಡೆಯ ಉದ್ದನೆಯ ಹುಡುಗನೊಬ್ಬ ಎಲ್ಲ ಚೆಂಡನ್ನೂ ತಾನೇ ಹೊಡೆಯುತ್ತಿದ್ದ, ಅದಕ್ಕೆ ಈ ಕಾನೂನು. ಹುಡುಗರು ಏನು ಮಾಡಿದರು? ನಡುಗೆರೆಯ ಹತ್ತಿರ ಇಬ್ಬರು ಎದುರುಬದುರು ನಿಂತು ಒಂದು, ಎರಡು, ಮೂರು ಅಂತ ಗಟ್ಟಿಯಾಗಿ ಎಣಿಸುತ್ತಾ ಚೆಂಡು ಎಸೆದಾಡಿದರು. ಆಮೇಲೆ ಆ ಉದ್ದನೆಯವನಿಗೇ ಕೊಟ್ಟರು. ಮೇಷ್ಟ್ರು ವಿಸಲ್ ಊದಿ ಆಟ ನಿಲ್ಲಿಸಿ, "ಲೆಕ್ಕ ಒಪ್ಪಿಸ್ಬೇಡ್ರೋ, ಆಟ ಆಡ್ರೋ" ಅಂತ ಬೈದರು. ಆ ಹುಡುಗ ಪಾಪ ಮಾಡಿದ್ದೇನೂ ಇಲ್ಲ. ತಂಡದಲ್ಲಿ ರಿಂಗಿಗೆ ಚೆಂಡು ಮುಟ್ಟಿಸುವವನು ಅವನೊಬ್ಬನೇ ಆಗಿದ್ದ.

ನಮ್ಮ ಕಡೆಯ ವಾಲಿಬಾಲ್ ಟೂರ್ನಮೆಂಟುಗಳಲ್ಲಿ ಈ ಗೊಂದಲ ಕಡಿಮೆ. ರಾತ್ರಿ ಹೊನಲು ಬೆಳಕಿನಲ್ಲಿ ಆಡಿ ಬಹುಮಾನ ಕೊಡುವಾಗ ಬೆಸ್ಟ್ ಅಟ್ಯಾಕರ್‌ಗೆ ಒಂದು ಕಪ್, ಬೆಸ್ಟ್ ಲಿಫ್ಟರ್‌ಗೆ ಇನ್ನೊಂದು ಕಪ್. ಎತ್ತಿ ಕೊಡುವವನ ಕೆಲಸ ಬೇರೆ, ಹೊಡೆಯುವವನ ಕೆಲಸ ಬೇರೆ ಅಂತ ಆಟವೇ ಹೇಳಿಬಿಟ್ಟಿದೆ. ಲಿಫ್ಟರ್ ಯಾಕೆ ಹೊಡೆಯಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಬಾಸ್ಕೆಟ್‌ಬಾಲಿನಲ್ಲಿ ಲೆಬ್ರಾನ್‌ನಂಥವನು ಲಿಫ್ಟರೂ ಹೌದು, ಅಟ್ಯಾಕರೂ ಹೌದು. ಪ್ರತಿ ಸಲ ಚೆಂಡು ಕೈಗೆ ಬಂದಾಗಲೂ ಎರಡರಲ್ಲಿ ಒಂದನ್ನು ಆರಿಸಬೇಕು, ಅದೂ ಹೊಡೆಯಲು ಇರುವ 24 ಸೆಕೆಂಡಿನ ಗಡಿಯಾರ ತಲೆ ಮೇಲೆ ಇಳಿಯುತ್ತಿರುವಾಗ. ಪ್ರತಿ ಸಲವೂ ಯಾರೋ ಒಬ್ಬರಿಗೆ ಅವನು ತಪ್ಪು ಮಾಡಿದ ಹಾಗೆಯೇ ಕಾಣುತ್ತಾನೆ. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಕಟ್ಟಿದಾಗ ಇಂಥ ತಾಪತ್ರಯ ಇರಲೇ ಇಲ್ಲ. ಅವನ ಮೊದಲ 13 ನಿಯಮಗಳ ಪ್ರಕಾರ ಚೆಂಡು ಹಿಡಿದವನು ಓಡುವ ಹಾಗಿರಲಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡುವುದು ಆಮೇಲೆ ಬಂತು. ಸ್ಟಾರ್‌ಗಳೂ ಅದರ ಹಿಂದೆಯೇ ಬಂದರು.

ಕ್ರಿಕೆಟ್ ನೋಡಿ ಬೆಳೆದ ನಮಗೆ ತಂಡಕ್ಕಾಗಿ ಆಡುವುದು ಅಂದರೆ ತಕ್ಷಣ ನೆನಪಾಗುವವರು ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. 1975ರ ಜನವರಿಯಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ತಂಡ 190ಕ್ಕೆ ಮುಗಿದಾಗ ಅವರು 97ಕ್ಕೆ ಔಟಾಗದೆ ಉಳಿದರು, ಜೊತೆ ಕೊಡಲು ಯಾರೂ ಉಳಿದಿರಲಿಲ್ಲ. ಶತಕವಿಲ್ಲದ ಆ ಆಟವನ್ನು ಶತಕಗಳಿಗಿಂತ ಮೇಲೆ ಇಡುವವರು ಇವತ್ತಿಗೂ ಇದ್ದಾರೆ. ಆದರೆ ಅವರದೇ ಇನ್ನೊಂದು ಕತೆ ಈ ಚರ್ಚೆಗೆ ಜಾಸ್ತಿ ಹೊಂದುತ್ತದೆ. 1980ರಲ್ಲಿ ಮುಂಬೈನ ಸುವರ್ಣ ಮಹೋತ್ಸವ ಟೆಸ್ಟ್‌ಗೆ ಅವರೇ ನಾಯಕ. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು, ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಟ ಪಂದ್ಯವನ್ನೇ ತಿರುಗಿಸಿತು, ಭಾರತ 10 ವಿಕೆಟ್‌ನಿಂದ ಸೋತಿತು. ಅದು ನಿಸ್ವಾರ್ಥವೇ, ಅನುಮಾನವಿಲ್ಲ. ಆದರೆ ತಂಡಕ್ಕೆ ಅನುಕೂಲವಾದ ಆಟವಾ? ಅಲ್ಲ. ಭದ್ರಾವತಿಯಲ್ಲಿ ನಿಂತು ಅದನ್ನು ತಪ್ಪು ಅನ್ನುವ ಧೈರ್ಯ ನನಗಿಲ್ಲ, ಅನ್ನುವ ಮನಸ್ಸೂ ಇಲ್ಲ.

1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಿದ್ದವು, ಒಂಬತ್ತೂ ಅನಿಲ್ ಕುಂಬ್ಳೆ ಅವರವೇ. ಹತ್ತನೆಯದೂ ಅವರಿಗೇ ಸಿಗಲಿ ಅಂತ ಜಾವಗಲ್ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ಬೌಲ್ ಮಾಡಿದರು. ತನ್ನ ವಿಕೆಟ್ ಬಿಟ್ಟುಕೊಟ್ಟರು, ಅದು ತ್ಯಾಗ. ಬಿಟ್ಟುಕೊಟ್ಟಿದ್ದು ಗೆಳೆಯನ ವೈಯಕ್ತಿಕ ದಾಖಲೆಗೆ, ಅದು ತಂಡದ ಲೆಕ್ಕವಲ್ಲ. ಪಂದ್ಯ ಕೈಯಲ್ಲಿತ್ತು, ಹಾಗಾಗಿ ನಡೆಯಿತು. 2004ರಲ್ಲಿ ಮುಲ್ತಾನಿನಲ್ಲಿ ಸಚಿನ್ 194ರಲ್ಲಿ ಇದ್ದಾಗ ದ್ರಾವಿಡ್ ಡಿಕ್ಲೇರ್ ಮಾಡಿದ್ದಕ್ಕೆ ಇನ್ನೂ ಬೈಯುವವರು ಶ್ರೀನಾಥ್ ಮಾಡಿದ್ದನ್ನು ಚಪ್ಪಾಳೆ ತಟ್ಟಿ ನೆನೆಯುತ್ತಾರೆ. ನಾನೂ ತಟ್ಟುತ್ತೇನೆ. ನಿಸ್ವಾರ್ಥಿ ಅನ್ನುವುದೂ ತಂಡಕ್ಕಾಗಿ ಆಡುವವನು ಅನ್ನುವುದೂ ಒಂದೇ ಅಲ್ಲ ಅನ್ನುವುದನ್ನು ಕ್ರಿಕೆಟ್ಟಿನಲ್ಲಿ ನಾವು ಹೇಗೋ ಒಪ್ಪಿಕೊಂಡಿದ್ದೇವೆ. ಬಾಸ್ಕೆಟ್‌ಬಾಲಿಗೆ ಬಂದ ಕೂಡಲೇ ಮರೆಯುತ್ತೇವೆ.

ಇಷ್ಟು ಹೇಳಿದ ಮೇಲೆ ಲೆಬ್ರಾನ್‌ನನ್ನು ಟೀಕಿಸುವವರ ಕೈಯಲ್ಲೂ ಗಟ್ಟಿ ಕಾಳು ಇದೆ ಅನ್ನಬೇಕು. ಅವನು ಪಾಸ್ ಕೊಡುತ್ತಾನೆ, ನಿಜ. 2019-20ರಲ್ಲಿ ಪಂದ್ಯಕ್ಕೆ 10.2 ಅಸಿಸ್ಟ್ ಸರಾಸರಿಯಲ್ಲಿ ಲೀಗಿಗೇ ಮೊದಲಿಗ. ಅದೇ ವರ್ಷ ಚಾಂಪಿಯನ್ ಕೂಡ. ಆದರೆ ಆ ಪಾಸ್ ಹೊರಡುವ ಮೊದಲು ಚೆಂಡು ತುಂಬಾ ಹೊತ್ತು ಅವನ ಕೈಯಲ್ಲೇ ಪುಟಿಯುತ್ತಿರುತ್ತದೆ. ಉಳಿದವರು ಮೂಲೆಗಳಲ್ಲಿ ಕಾಯುತ್ತಾ ನಿಲ್ಲಬೇಕು. ಕೆವಿನ್ ಲವ್ ಮಿನೆಸೋಟದಲ್ಲಿ ಪಂದ್ಯಕ್ಕೆ 26 ಪಾಯಿಂಟ್ ಹೊಡೆಯುತ್ತಿದ್ದವನು, ಕ್ಲೀವ್‌ಲ್ಯಾಂಡಿಗೆ ಬಂದು ಲೆಬ್ರಾನ್ ಜೊತೆ ಸೇರಿದ ಮೊದಲ ವರ್ಷ 16ಕ್ಕೆ ಇಳಿದ. ಕ್ರಿಸ್ ಬಾಷ್ ಮಯಾಮಿಗೆ ಬಂದಾಗಲೂ ಹೀಗೇ. ಇಬ್ಬರೂ ಚಾಂಪಿಯನ್ ಉಂಗುರ ಹಾಕಿಕೊಂಡರು, ಆ ಮಾತು ಬೇರೆ. ಆದರೆ ಅಲ್ಲಿ ತಮ್ಮ ಆಟ ಬಿಟ್ಟುಕೊಟ್ಟವರು ಲವ್ ಮತ್ತು ಬಾಷ್. ನಿಸ್ವಾರ್ಥಿ ಅನ್ನುವ ಬಿರುದು ಯಾರಿಗೆ ಸಲ್ಲಬೇಕು ಅಂತ ಕೇಳಿದರೆ ನಾನು ಮೊದಲು ಅವರ ಹೆಸರು ಹೇಳುತ್ತೇನೆ. ಇನ್ನು ರೆಫ್ರಿ ಜೊತೆ ವಾದ ಮಾಡುತ್ತಾ ನಿಂತು ಡಿಫೆನ್ಸಿಗೆ ವಾಪಸ್ ಓಡದೆ ಇರುವ ಚಾಳಿ. ನಾಲ್ಕು ಜನ ಐವರನ್ನು ತಡೆಯುತ್ತಿರುವಾಗ ಐದನೆಯವನು ಆಚೆ ತುದಿಯಲ್ಲಿ ಕೈ ಚೆಲ್ಲಿ ನಿಂತಿರುತ್ತಾನೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇದಕ್ಕೆ ಎದುರು ಮಾದರಿ ಸರ್ಬಿಯಾದ ನಿಕೋಲಾ ಯೋಕಿಚ್. 2014ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ, 41ನೆಯವನಾಗಿ ಬಂದವನು ಮೂರು ಸಲ ವರ್ಷದ ಶ್ರೇಷ್ಠ ಆಟಗಾರ, 2023ರಲ್ಲಿ ಡೆನ್ವರ್ ಚಾಂಪಿಯನ್. ಚೆಂಡು ಅವನಿಗೆ ಸಾವಿರ ಸಲ ಬರುತ್ತದೆ, ಆದರೆ ಕೈಯಲ್ಲಿ ನಿಲ್ಲುವುದಿಲ್ಲ. ಸ್ಟೀಫನ್ ಕರ್ರಿ ಇನ್ನೊಂದು ತರಹ. ಚೆಂಡು ಇಲ್ಲದೆಯೇ ಓಡುತ್ತಿರುತ್ತಾನೆ, ಎದುರಾಳಿಗಳಿಬ್ಬರು ಭಯಕ್ಕೆ ಅವನ ಹಿಂದೆ ಓಡುತ್ತಾರೆ, ಇತ್ತ ಯಾರೋ ಆರಾಮವಾಗಿ ರಿಂಗಿನ ಕೆಳಗೆ ಹೋಗಿ ಚೆಂಡು ಹಾಕುತ್ತಾನೆ. ಕರ್ರಿ ಹೆಸರಿಗೆ ಪಾಯಿಂಟೂ ಇಲ್ಲ, ಅಸಿಸ್ಟೂ ಇಲ್ಲ.

ಕೋರ್ಟಿನ ಹೊರಗಿನ ಲೆಕ್ಕವನ್ನು ಇದರೊಳಗೆ ಕಲಸಿದಾಗ ಜಗಳ ಇನ್ನೂ ರಾಡಿಯಾಗುತ್ತದೆ. 2010ರ ಜುಲೈ 8ರಂದು ಲೆಬ್ರಾನ್ ಟಿವಿಯಲ್ಲಿ ನೇರ ಕಾರ್ಯಕ್ರಮ ಇಟ್ಟು, ಹುಟ್ಟಿದ ರಾಜ್ಯದ ತಂಡ ಬಿಟ್ಟು ಮಯಾಮಿಗೆ ಹೋಗುತ್ತೇನೆ ಅಂತ ಹೇಳಿದ. ಕ್ಲೀವ್‌ಲ್ಯಾಂಡಿನಲ್ಲಿ ಅವನ ಜರ್ಸಿ ಸುಟ್ಟರು. ಇದಕ್ಕಿಂತ ಅಹಂಕಾರ ಇಲ್ಲ ಅಂದರು. ತಮಾಷೆ ಏನೆಂದರೆ ಆ ಮಯಾಮಿ ತಂಡ ಕಟ್ಟಲು ಲೆಬ್ರಾನ್, ಡ್ವೇನ್ ವೇಡ್, ಬಾಷ್ ಮೂವರೂ ತಮಗೆ ಸಿಗಬಹುದಾಗಿದ್ದ ಗರಿಷ್ಠ ಸಂಬಳಕ್ಕಿಂತ ಕಡಿಮೆಗೆ ಸಹಿ ಹಾಕಿದ್ದರು.

ಸಂಬಳ ಬಿಟ್ಟುಕೊಡುವುದು ತಂಡಕ್ಕೆ ಹೇಗೆ ಸಹಾಯ ಅನ್ನುವುದು ಐಪಿಎಲ್ ನೋಡುವವರಿಗೆ ಬೇಗ ಅರ್ಥವಾಗುತ್ತದೆ. 2025ರ ಹರಾಜಿಗೆ ಪ್ರತಿ ತಂಡದ ಪರ್ಸ್ 120 ಕೋಟಿ. ಆರ್‌ಸಿಬಿ ಕೊಹ್ಲಿಗೆ 21, ಪಾಟಿದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಿತು. ಹರಾಜಿಗೆ ಹೋಗುವಾಗ ಕೈಯಲ್ಲಿ 83 ಕೋಟಿ. ಎನ್‌ಬಿಎಯಲ್ಲೂ ಒಟ್ಟು ಸಂಬಳಕ್ಕೆ ಮಿತಿ ಇದೆ, ದಾಟಿದರೆ ದಂಡ, ನಿರ್ಬಂಧ. ಹಾಗಾಗಿ ಸ್ಟಾರ್ ಒಬ್ಬ ಕಡಿಮೆ ತೆಗೆದುಕೊಂಡರೆ ಆ ದುಡ್ಡಿಗೆ ಇನ್ನೊಬ್ಬ ಒಳ್ಳೆಯ ಆಟಗಾರ ಬರಬಹುದು. ನ್ಯೂಯಾರ್ಕಿನ ಜೇಲನ್ ಬ್ರನ್ಸನ್ 2024ರಲ್ಲಿ ಹಾಗೆ ಮಾಡಿದ. ಒಂದು ವರ್ಷ ಕಾದಿದ್ದರೆ 5 ವರ್ಷಕ್ಕೆ ಸುಮಾರು 269 ಮಿಲಿಯನ್ ಡಾಲರ್ ಸಿಗುತ್ತಿತ್ತು. ಕಾಯದೆ 4 ವರ್ಷಕ್ಕೆ 156.5 ಮಿಲಿಯನ್‌ಗೆ ಸಹಿ ಹಾಕಿದ. ಒಂದು ವರ್ಷ ಮೊದಲೇ ಮುಂದಿನ ಒಪ್ಪಂದಕ್ಕೆ ಬಿಡುವಾಗುತ್ತಾನೆ ಅನ್ನುವುದನ್ನೂ ಸೇರಿಸಿ ನೋಡಬೇಕು, ಪೂರ್ತಿ ದಾನವೇನಲ್ಲ. ಆದರೂ ದೊಡ್ಡ ಮೊತ್ತವೇ.

ಲೆಬ್ರಾನ್ 2025-26ಕ್ಕೆ ಸುಮಾರು 52.6 ಮಿಲಿಯನ್ ಪೂರ್ತಿ ತೆಗೆದುಕೊಂಡ. ಅದಕ್ಕೂ ಬೈಗುಳ ಬಂತು. ನನಗೆ ಈ ಬೈಗುಳ ಸರಿ ಕಾಣುವುದಿಲ್ಲ. ತಂಡದ ಮಾಲೀಕರು ಸಾವಿರಾರು ಕೋಟಿಯ ಕುಳಗಳು. ಅವರು ಲಾಭ ಕಡಿಮೆ ಮಾಡಿಕೊಳ್ಳಲಿ ಅಂತ ಯಾರೂ ಹೇಳುವುದಿಲ್ಲ, ಆಟಗಾರ ಮಾತ್ರ ಬಿಟ್ಟುಕೊಡಬೇಕಂತೆ. ಮಗ ಬ್ರಾನಿಯನ್ನು ಲೇಕರ್ಸ್ 2024ರಲ್ಲಿ 55ನೆಯವನಾಗಿ ಆರಿಸಿದ್ದರ ಬಗ್ಗೆ ಮಾತ್ರ ನಾನು ಟೀಕಾಕಾರರ ಜೊತೆ. ಬೇರೆ ಯಾರ ಮಗನೇ ಆಗಿದ್ದರೂ ಆ ಜಾಗ ಸಿಗುತ್ತಿತ್ತಾ? ಅನುಮಾನ. ಅಪ್ಪ ಮಗ ಒಂದೇ ಎನ್‌ಬಿಎ ಪಂದ್ಯದಲ್ಲಿ ಒಟ್ಟಿಗೆ ಆಡಿದ ಚಿತ್ರ ಚೆಂದವೇ, ಆದರೆ ತಂಡದ ಹದಿನೈದು ಜಾಗಗಳಲ್ಲಿ ಒಂದು ಅದಕ್ಕೆ ಹೋಯಿತು.

ಅಂದರೆ ಕೋರ್ಟಿನೊಳಗೆ ಸರಿಯಾದ ಪಾಸ್ ಕಾಣುವ ಕಣ್ಣು, ಕೋರ್ಟಿನ ಹೊರಗೆ ತನ್ನ ಬದುಕು, ಮನೆ, ಹೆಸರು ಚೆನ್ನಾಗಿ ನೋಡಿಕೊಳ್ಳುವ ತಲೆ. ಎರಡೂ ಒಬ್ಬನೇ ಮನುಷ್ಯನದು. ಒಂದನ್ನು ತೋರಿಸಿ ಇನ್ನೊಂದನ್ನು ಸುಳ್ಳು ಮಾಡಲು ಹೋದರೆ ಜಗಳ ಮುಗಿಯುವುದೇ ಇಲ್ಲ.

ಜೋರ್ಡನ್ ಕಡೆಯವರು ಈಗ ಹೊಸ ಅಸ್ತ್ರ ಹುಡುಕಿದ್ದಾರೆ. ಲೆಬ್ರಾನ್‌ಗಿಂತ ಮೊದಲು ಈ ಎರಡಂಕಿಯ ದಾಖಲೆ ಇದ್ದಿದ್ದು ಜೋರ್ಡನ್ ಹೆಸರಿನಲ್ಲಿ, ಸತತ 866 ಪಂದ್ಯ. ಅದು ಮುರಿದದ್ದು 2001ರ ಡಿಸೆಂಬರ್ 27ರಂದು. ವಾಷಿಂಗ್ಟನ್ ಪರ ಆಡುತ್ತಿದ್ದ 38ರ ಜೋರ್ಡನ್ ಇಂಡಿಯಾನಾ ವಿರುದ್ಧ ಬರೀ 6 ಪಾಯಿಂಟ್‌ಗೆ ನಿಂತ, ತಂಡವೂ ಹೀನಾಯವಾಗಿ ಸೋತಿತು. ಮುಂದಿನ ಪಂದ್ಯದಲ್ಲಿ ಅದೇ ಮನುಷ್ಯ 51 ಹೊಡೆದು ತಂಡ ಗೆಲ್ಲಿಸಿದ. ದಾಖಲೆ ಮುರಿದ ಸಿಟ್ಟಿಗೆ ಹೊಡೆದನೋ, ತಂಡ ಸೋತ ಸಿಟ್ಟಿಗೆ ಹೊಡೆದನೋ ಅನ್ನುವುದು ಈ ವಾರದ ಜಗಳ. ಚಪ್ಪರದಲ್ಲಿ ಸುಲಿಯಲು ಬಾಕಿ ಇರುವ ಅಡಿಕೆ ನೋಡಿದರೆ ಇದು ಸಂಕ್ರಾಂತಿವರೆಗೂ ಓಡುತ್ತದೆ.